ಅಟ್ಟಕ್ಕೂ ಏರಿದ ಗೋಡೆ

ಅಣ್ಣಾ,

ನಾವಿಬ್ಬರೂ ಹೊದ್ದು ಬೆಳೆದ ಅವ್ವನ ಕೌದಿಗಳಿಗೆ ಬೂಸರು ಹಿಡಿದಿದೆ. ನಾತ ತಾಳಲಾರದೆ ಇವತ್ತು ಅಟ್ಟ ಹತ್ತಿ ನೋಡಿದರೆ ತೊಲೆಗಳೂ ಕಪ್ಪಾಗಿವೆ. ಮನೆ ಪಾಲಾದಾಗ ನಡುವಿನ ಗೋಡೆಯನ್ನು ಅಟ್ಟದೊಳಗೂ ಸೂರಿಗೆ ಮುಟ್ಟುವಂತೆ ಎಬ್ಬಿಸಿದವನು ನೀನು. ಗಾಳಿಯ ಕಿಂಡಿ ನಿನ್ನ ಪಾಲಿಗೆ ಹೋಯಿತು. ಸುತ್ತ ಭತ್ತದ ನೀರು ನಿಲ್ಲುವ ಸಾಲಗುಂದದಲ್ಲಿ ಗಾಳಿಯಿಲ್ಲದ ಅಟ್ಟ ಒಣಗುವುದುಂಟೇ?

ನೀನು ಸತ್ತ ಮೇಲೆ ಯಾರ ಕೂಡ ಜಗಳಾಡಲಿ? ನಾನೇ ಗೋಡೆಯ ಇಟ್ಟಿಗೆ ಕಿತ್ತೆ. ಆ ಕಡೆಯಿಂದ ಸಂಗಮ್ಮ ಅತ್ತಿಗೆಯ ದನಿ ಬಂತು: "ವೀರೇಶಾ, ಮತ್ತ ಮುಚ್ಚಬ್ಯಾಡಪ್ಪ. ಗ್ವಾಡಿ ಎದ್ದ ಮ್ಯಾಲೆ ನಿನ್ನ ಗೊರಕಿ ಕೇಳಸವಲ್ದು ಅಂತ ನಿಮ್ಮಣ್ಣಾರು ನಿದ್ದಿನಽ ಮಾಡತಿದ್ದಿಲ್ಲ."

ಕೌದಿಗಳನ್ನು ಬಿಸಿಲಿಗೆ ಹಾಕಿದ್ದೇನೆ. ಬದುಕಿದ್ದಾಗ ಇದೊಂದು ಮಾತು ಆಡಲು ನಿನ್ನ ಬಾಯಿಗೇನು ಬೂಸರು ಹಿಡಿದಿತ್ತೇ?