ಯಾರೂ ಮುಚ್ಚಳ ತೆಗೆಯದ ನೀಲಿ ಬ್ಯಾರೆಲ್

ಮಾನ್ಯ ನಗರಸಭೆಯ ನಿಯಮ ಪಾಲನಾ ಅಧಿಕಾರಿಗಳೇ,

ನವೆಂಬರ್ ಹತ್ತೊಂಬತ್ತರ ಬೆಳಗ್ಗೆ ನನ್ನ ಪಕ್ಕದ ಮನೆಯ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇಯಿಂದ ನಿಮ್ಮವರು ಎತ್ತಿಕೊಂಡು ಹೋದ ನೀಲಿ ಬ್ಯಾರೆಲ್ಲನ್ನು ವಾಪಸು ಕೊಡಿ. ಅದರಲ್ಲಿ ನೀವು ನೋಟೀಸಿನಲ್ಲಿ ಬರೆದಂಥ ಅಪಾಯಕಾರಿ ರಾಸಾಯನಿಕ ಯಾವುದೂ ಇಲ್ಲ. ಟಾರ್ಪಾಲು, ಮೊಳೆ, ಅಕ್ಕಿ, ಸೋಪು ಮತ್ತು ಸಿಲಿಂಡರ್ ಇಲ್ಲದ ಒಂದು ಬರಿಯ ಬರ್ನರ್ ಇವೆ. ಇದನ್ನು ನಿಮಗೆ ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ. ಮೂರು ಸಲವೂ "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂದು ನಿಮ್ಮ ಕಂಪ್ಯೂಟರು ಉತ್ತರ ಕೊಟ್ಟಿತು. ನಿಮ್ಮ ಕಚೇರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಖಾತ್ರಿಯಾದ್ದರಿಂದ ಈಗ ಕನ್ನಡದಲ್ಲಿ, ನಮ್ಮ ಕನ್ನಡ ಕೂಟದ ಇ-ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ.

ಬ್ಯಾರೆಲ್ ವಿನ್ಸಮ್ ಅವರದು. ಜಮೈಕಾದವರು, ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸಹಾಯಕಿ. ನಮ್ಮ ಊರಿನ ಎಷ್ಟೋ ಡಾಕ್ಟರು, ಎಂಜಿನಿಯರುಗಳ ಅಪ್ಪ ಅಮ್ಮಂದಿರಿಗೆ ಸ್ನಾನ ಮಾಡಿಸುವ ಕೈ ಅದು. ನಿಮ್ಮ ಮನೆಯ ಹಿರಿಯರೂ ಅಲ್ಲಿದ್ದಾರೋ ಏನೋ, ವಿಚಾರಿಸಿ ನೋಡಿ. ಐದು ವರ್ಷದಿಂದ ನಮ್ಮ ನೆರೆಯವರು. ನಾವು ಸಸ್ಯಾಹಾರಿಗಳೆಂದು ತಿಳಿದ ಮೇಲೆ, ತೆಂಗಿನಹಾಲಿನಲ್ಲಿ ಬೀನ್ಸ್ ಹಾಕಿ ಮಾಡುವ ಅವರ ಭಾನುವಾರದ ಅನ್ನವನ್ನು ನಮಗಾಗಿ ಬೇರೆ ಪಾತ್ರೆಯಲ್ಲಿ ಮಾಡಿ ತಂದುಕೊಡುತ್ತಾರೆ.

ಈ ಬ್ಯಾರೆಲ್ ಎಂದರೇನು ಎಂದು ನಿಮಗೆ ಗೊತ್ತಿಲ್ಲ. ತಪ್ಪಲ್ಲ, ನನಗೂ ಗೊತ್ತಿರಲಿಲ್ಲ. ಹೊರದೇಶದಲ್ಲಿ ದುಡಿಯುವ ಜಮೈಕಾದವರು ವರ್ಷವಿಡೀ ಅಂಗಡಿಯ ರಿಯಾಯಿತಿ ಕಾದು ಒಂದೊಂದೇ ವಸ್ತು ಕೊಂಡು ಅದನ್ನು ತುಂಬುತ್ತಾರೆ. ಶೂ ಒಳಗೆ ಕಾಲುಚೀಲ, ಪಾತ್ರೆಯೊಳಗೆ ಕಾಫಿಪುಡಿ, ಹೀಗೆ ಒಂದಿಂಚು ಜಾಗವನ್ನೂ ಖಾಲಿ ಬಿಡುವುದಿಲ್ಲ. ಅಕ್ಕಿಗೆ ವಾಸನೆ ಹಿಡಿಯದಂತೆ ಸೋಪಿಗೆ ಮೂರು ಸುತ್ತು ಪ್ಲಾಸ್ಟಿಕ್. ವಿನ್ಸಮ್ ಚಿಕ್ಕವರಿದ್ದಾಗ ಅವರ ತಾಯಿ ಟೊರಾಂಟೊದಲ್ಲಿ ಯಾರದೋ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದರಂತೆ. ಹನ್ನೊಂದು ವರ್ಷ ತಾಯಿಯ ಬದಲು ಬ್ಯಾರೆಲ್ ಬರುತ್ತಿತ್ತು. ಮುಚ್ಚಳ ತೆಗೆದ ತಕ್ಷಣ ಈ ಹುಡುಗಿ ತಲೆ ಒಳಗಿಟ್ಟು ಮೂಸುತ್ತಿದ್ದಳಂತೆ, ಅಮ್ಮನ ವಾಸನೆ ಇದೆಯೇ ಎಂದು. ಈಗ ಮಗಳು ಇಲ್ಲಿಂದ ತುಂಬುತ್ತಾಳೆ.

ತಾಯಿ, ಮಿಸ್ ಐವಿ, ಈಗ ಜಮೈಕಾದ ಸೇಂಟ್ ಎಲಿಜಬೆತ್ ಎಂಬ ಕಡೆ ರಸ್ತೆ ಬದಿಯಲ್ಲಿ ಒಂದು ಸಣ್ಣ ಊಟದಂಗಡಿ ನಡೆಸುತ್ತಾರೆ. ಅಕ್ಟೋಬರಿನ ಚಂಡಮಾರುತ ಅದರ ತಗಡಿನ ಚಾವಣಿಯನ್ನು ಎತ್ತಿಕೊಂಡು ಹೋಯಿತು. ಒಲೆ ನೆನೆದು ಹಾಳಾಯಿತು. ಅಂಗಡಿ ತೆರೆಯದಿದ್ದರೆ ಅವರಿಗೆ ಗಳಿಕೆ ಇಲ್ಲ, ಅಲ್ಲಿ ಉಣ್ಣುವ ಕೂಲಿಯವರಿಗೆ ಊಟವಿಲ್ಲ. ಹಾಗಾಗಿ ವಿನ್ಸಮ್ ಜುಲೈನಿಂದ ತುಂಬಿಟ್ಟ ಬ್ಯಾರೆಲ್ಲನ್ನು ಪೂರ್ತಿ ಖಾಲಿ ಮಾಡಿದರು. ಅವರಲ್ಲಿ ಕ್ರಿಸ್‌ಮಸ್ಸಿಗೆ ಮನೆಗೆ ಹೊಸ ಪರದೆ ಹಾಕಲೇಬೇಕು, ನಮಗೆ ಯುಗಾದಿಗೆ ಹೊಸ ಬಟ್ಟೆ ಇದ್ದ ಹಾಗೆ. ಆ ಪರದೆಗಳನ್ನು ಹೊರಗಿಟ್ಟು, ಆ ಜಾಗದಲ್ಲಿ ಟಾರ್ಪಾಲು ತುರುಕಿದರು. ಕಿಟಕಿಯೇ ಹೋದ ಮೇಲೆ ಪರದೆ ಎಲ್ಲಿ ಹಾಕುತ್ತಾರೆ?

ತುಂಬಿದ ಬ್ಯಾರೆಲ್ಲನ್ನು ಒಬ್ಬರೇ ಮೆಟ್ಟಿಲು ಇಳಿಸಲಾಗುವುದಿಲ್ಲ. ಅದಕ್ಕೇ ಡ್ರೈವ್‌ವೇಯಲ್ಲಿ ಇಟ್ಟು ತುಂಬಿದ್ದರು. ಜಮೈಕಾಕ್ಕೆ ಸಾಮಾನು ಸಾಗಿಸುವವರ, ಡೆಟ್ರಾಯ್ಟಿನಿಂದ ಬರುವ ಲಾರಿ ಶನಿವಾರ ಎತ್ತಿಕೊಳ್ಳಬೇಕಿತ್ತು. ಬುಧವಾರವೇ ನಿಮ್ಮ ಲಾರಿ ಬಂತು. ಕೈಗವಸು, ಮುಖಗವಸು, ಹಳದಿ ಪಟ್ಟಿ, ಎಲ್ಲ ತಂದಿದ್ದರು ನಿಮ್ಮ ಶೂರರು. ಮುಚ್ಚಳ ತೆಗೆದು ನೋಡುವ ಒಂದು ಕೆಲಸ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಈಗ ಪರವಾನಗಿ ಪಡೆದ ಪ್ರಯೋಗಾಲಯದವರು ಒಳಗಿರುವುದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕಂತೆ. ಅವರು ಕೊಟ್ಟಿರುವ ದಿನ ಜನವರಿ ಹದಿನಾಲ್ಕು. ಸ್ವಾಮಿ, ಅಕ್ಕಿಯನ್ನು ಅಕ್ಕಿ ಎನ್ನಲು ಪ್ರಯೋಗಾಲಯ ಬೇಕೆ? ಅಷ್ಟು ದಿನ ಮಿಸ್ ಐವಿ ಯಾವುದರ ಕೆಳಗೆ ಒಲೆ ಹಚ್ಚಬೇಕು?

"ಹೆಸರು ಹೇಳಲಿಚ್ಛಿಸದ ನಿವಾಸಿಯ ದೂರಿನ ಮೇರೆಗೆ" ಎಂದಿದೆ ನಿಮ್ಮ ನೋಟೀಸಿನಲ್ಲಿ. ಅದನ್ನು ವಿನ್ಸಮ್ ನಮ್ಮ ಅಡುಗೆಮನೆಯಲ್ಲಿ ಕುಳಿತು ಓದಿದರು. "ಯಾರೋ ಹೇಡಿ. ಬಾಗಿಲು ತಟ್ಟಿ ಕೇಳಿದ್ದರೆ ನಾನೇ ಮುಚ್ಚಳ ತೆಗೆದು ತೋರಿಸುತ್ತಿದ್ದೆನಲ್ಲ, ಚಂದ್ರ?" ಎಂದರು. ನಾನು ಹೌದು ಎಂದೆ.

ಆ ಹೇಡಿ ನಾನು.

ಹೇಗೆಂದು ಹೇಳುತ್ತೇನೆ. ಸಾಲದ ಬಡ್ಡಿ ಇಳಿಸಿಕೊಳ್ಳಲು ನನ್ನ ಮನೆಯ ಬೆಲೆ ಅಂದಾಜು ಮಾಡುವವರು ಆ ಗುರುವಾರ ಬರುವವರಿದ್ದರು. ಪಕ್ಕದಲ್ಲಿ ನೀಲಿ ಡ್ರಮ್ಮು ನಿಂತಿದ್ದರೆ ಬೆಲೆ ಇಳಿಯುತ್ತದೆ ಎಂದು ನನ್ನ ಎಂಜಿನಿಯರ್ ತಲೆ ಲೆಕ್ಕ ಹಾಕಿತು. ನಿಮ್ಮ ಆ್ಯಪ್ ತೆರೆದೆ. ಕಸ ಎಂದು ಒತ್ತಿದರೆ ನಿಮ್ಮವರು ಬರಲು ಹತ್ತು ದಿನ, ಅಪಾಯಕಾರಿ ವಸ್ತು ಎಂದು ಒತ್ತಿದರೆ ಎರಡೇ ದಿನ. ಎರಡನೆಯದನ್ನು ಒತ್ತಿದೆ. ಬಂದು ಒಂದು ಮಾತು ಹೇಳಿ ಒಳಗೆ ಇಡಿಸುತ್ತಾರೆ ಎಂದುಕೊಂಡಿದ್ದೆ. ಇಪ್ಪತ್ತು ವರ್ಷ ಡಿಯರ್‌ಬಾರ್ನಿನಲ್ಲಿ ಕಾರಿನ ಬ್ರೇಕ್ ವಿನ್ಯಾಸ ಮಾಡಿದವನು ನಾನು, ಒತ್ತಿದರೆ ಏನಾಗುತ್ತದೆ ಎಂದು ಯೋಚಿಸಬೇಕಿತ್ತು.

ಮನೆಯಲ್ಲಿ ಹೇಳಿದಾಗ ಹೆಂಡತಿ ಪದ್ಮ ಕೆಂಡಾಮಂಡಲವಾದಳು. "ಅಲ್ಲಾ ರೀ, ಜಯನಗರದಲ್ಲಿ ನಿಮ್ಮನೆ ಹಿಂದ್ಗಡೆ ಕಾವೇರಿ ನೀರು ತುಂಬಿಡ್ತಿದ್ದಿದ್ದು ಇಂಥದ್ದೇ ನೀಲಿ ಡ್ರಮ್ಮಲ್ಲಿ ತಾನೇ? ಅದ್ರಲ್ಲಿ ಆಸಿಡ್ ಇತ್ತಾ? ಆ ಅಕ್ಕಿನೂ ನಾವೇ ಅಲ್ವಾ ಡೆವನ್ ಅವೆನ್ಯೂ ಇಂಡಿಯನ್ ಅಂಗಡಿಯಿಂದ ತಂದ್ಕೊಟ್ಟಿದ್ದು?" ನಿಜ. ಆ ಮೂಟೆಯನ್ನು ಕಾರಿನಿಂದ ಇಳಿಸಿ ಅವರ ಬಾಗಿಲಿಗೆ ಹೊತ್ತವನೂ ನಾನೇ. ಒಬ್ಬ ಹೆಂಗಸಿಗೆ ಇಷ್ಟೊಂದು ಅಕ್ಕಿ ಯಾಕೆ ಎಂದು ಕೇಳಿರಲಿಲ್ಲ. ಮಗ ನಿಹಾಲ್ ಫೋನಿನಿಂದ ತಲೆ ಎತ್ತಿ, "ಅಪ್ಪಾ, ಯು ಕುಡ್ ಹ್ಯಾವ್ ಜಸ್ಟ್ ಆಸ್ಕ್ಡ್ ಹರ್" ಎಂದ. ಹದಿನಾರು ವರ್ಷದವನಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ.

ಸೋಮವಾರವೇ ನಿಮ್ಮ ಕೌಂಟರಿಗೆ ಬಂದೆ. ದೂರು ಹಿಂತೆಗೆದರೆ ಬ್ಯಾರೆಲ್ ಅಂದೇ ಬಿಡಬಹುದು, ಆದರೆ ಅದು ದೂರುದಾರರಿಂದ ಮಾತ್ರ ಸಾಧ್ಯ ಎಂದರು ನಿಮ್ಮ ಗುಮಾಸ್ತೆ. ದೂರುದಾರ ನಾನೇ ಎಂದೆ. "ದೂರುದಾರರು ಹೆಸರು ಕೊಟ್ಟಿಲ್ಲ. ನೀವೇ ಅವರು ಅನ್ನುವುದಕ್ಕೆ ದಾಖಲೆ ಏನಿದೆ?" ಎಂದು ಕೇಳಿದರು. ದಾಖಲೆ ಉಳಿಯದಂತೆ ನೋಡಿಕೊಳ್ಳುವುದೇ ನಿಮ್ಮ ಆ್ಯಪಿನ ಹೆಗ್ಗಳಿಕೆಯಲ್ಲವೇ? ಕೊನೆಗೆ ಒಂದು ದಾರಿ ತೋರಿಸಿದರು: ಹೆಸರು ಬರೆದು, ಸಹಿ ಹಾಕಿ, ತಪ್ಪೊಪ್ಪಿಗೆಯ ಹೇಳಿಕೆ ಕೊಡಬೇಕು. ಅದರ ಒಂದು ಪ್ರತಿ ಬ್ಯಾರೆಲ್ಲಿನ ಮಾಲೀಕರಿಗೆ ಹೋಗುತ್ತದೆ. ಪೆನ್ನು ಕೈಗೆ ಕೊಟ್ಟರು. ಅದನ್ನು ಕೌಂಟರಿನ ಮೇಲಿಟ್ಟು ಹೊರಗೆ ಬಂದೆ. ಆ ಮೂರು ಪತ್ರಗಳನ್ನು ಬರೆದದ್ದು ಆಮೇಲೆ, 'ಕಳಕಳಿಯುಳ್ಳ ನೆರೆಯವ' ಎಂಬ ವೇಷದಲ್ಲಿ. ಆ ಭಾನುವಾರವೂ ವಿನ್ಸಮ್ ಅನ್ನ ಕಳಿಸಿದ್ದರು.

ಡೆಟ್ರಾಯ್ಟಿನ ಲಾರಿ ಮತ್ತೆ ಡಿಸೆಂಬರ್ ಆರರ ಶನಿವಾರ ಹತ್ತು ಗಂಟೆಗೆ ಬರುತ್ತದೆ. ಇದು ತಪ್ಪಿದರೆ ಮುಂದಿನದು ಫೆಬ್ರವರಿಗೆ. ಆದ್ದರಿಂದ ಶುಕ್ರವಾರ ಸಂಜೆ ಐದರೊಳಗೆ ಬ್ಯಾರೆಲ್ ಅವರ ಡ್ರೈವ್‌ವೇಗೆ ಬರಬೇಕು, ಎತ್ತಿಕೊಂಡು ಹೋದವರೇ ತಂದು ಇಳಿಸಬೇಕು. ನಿಮ್ಮ ಆ್ಯಪಿನಲ್ಲಿ, ದೂರು ಕಳಿಸುವ ಗುಂಡಿಗೆ ಮೊದಲು, 'ನೆರೆಯವರನ್ನು ಕೇಳಿದಿರಾ?' ಎಂಬ ಒಂದು ಪ್ರಶ್ನೆ ಸೇರಿಸಬೇಕು. ನನ್ನ ಮೇಲೆ ಸುಳ್ಳು ದೂರಿನ ದಂಡ ಹಾಕುವುದಿದ್ದರೆ ಹಾಕಿ, ತಕರಾರಿಲ್ಲ.

ಇದರ ಇಂಗ್ಲಿಷ್ ಪ್ರತಿಯನ್ನು ಸಹಿ ಹಾಕಿ ಈ ಬೆಳಗ್ಗೆ ನಿಮ್ಮ ಕೌಂಟರಿನಲ್ಲಿ ಕೊಟ್ಟು ರಸೀದಿ ಪಡೆದಿದ್ದೇನೆ. ಮಾಲೀಕರ ಪ್ರತಿಯನ್ನು ಅಂಚೆಗೆ ಹಾಕುವ ತೊಂದರೆ ತೆಗೆದುಕೊಳ್ಳಬೇಡಿ. ಅದು ನನ್ನ ಕೈಯಲ್ಲಿದೆ. ವಿನ್ಸಮ್ ಅವರ ಕಾರು ಈಗಷ್ಟೇ ಬಂತು. ಹೋಗಿ ಬಾಗಿಲು ತಟ್ಟುತ್ತೇನೆ.

ಇಂತಿ,
ಎರಡು ವಾರ 'ಹೆಸರು ಹೇಳಲಿಚ್ಛಿಸದ ನಿವಾಸಿ'ಯಾಗಿದ್ದ
ಚಂದ್ರಮೌಳಿ
(ಪಕ್ಕದ ಮನೆ)