ಅಹವಾಲಿಗೆ ಒಯ್ದ ಕರದಂಟು

ಇಳಕಲ್ಲ,
೧೧ ಫೆಬ್ರುವರಿ ೨೦೦೪, ಬುಧವಾರ.
ಮಧ್ಯಾಹ್ನ. ಕರೆಂಟಿಲ್ಲ. ಓಣಿಯ ಪವರ್‌ಲೂಮುಗಳೆಲ್ಲ ನಿಂತಿವೆ, ಬರೆಯಲು ಶಾಂತವಾಗಿದೆ.

ಪ್ರೀತಿಯ ಗೀತಾಂಜಲಿ,

ನೀನು, ನಿನ್ನ ಮನೆಯವರು, ಶ್ರುತಿ ಎಲ್ಲರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ನಿನ್ನ ಕಾಲಿನ ಪ್ಲಾಸ್ಟರ್ ತೆಗೆದರೇ? ಉತ್ತರ ತಡವಾದದ್ದಕ್ಕೆ ಬೈಯಬೇಡ. ಬಾಗಲಕೋಟೆಯ ವಕೀಲರಿಗೆ ಬರೆದ ಮಾತು ಮುಂದೆ ಎಲ್ಲಿ ಎದುರಾಗುತ್ತದೋ ಎಂದು ಹೆದರಿ ಎರಡು ಸಲ ಬರೆದು ಹರಿದೆ. ಆಮೇಲೆ, ಆ ವಕೀಲಳಾದ ನೀನು ಒಂಬತ್ತನೆಯ ಇಯತ್ತೆಯಲ್ಲಿ ನನ್ನ ಗಣಿತ ನೋಡಿ ಬರೆದವಳೇ ಎಂಬುದು ನೆನಪಾಗಿ ಧೈರ್ಯ ಬಂತು.

ಕರಾವಳಿಯ ಕಡಲಗುಂಡಿಯ ಅಣುವಿದ್ಯುತ್ ಸ್ಥಾವರದ ದುರಸ್ತಿಯ ಅಹವಾಲು ಸಭೆಗೆ ಆಕ್ಷೇಪಣೆ ಹೇಳಲು ಹೋದ ನಾನು, ಅವರ ಮುಖ್ಯ ಎಂಜಿನಿಯರರಿಗೆ ನಗುತ್ತ ಸಿಹಿ ಕೊಡುವ ಫೋಟೊ ಹೇಗೆ ಬಂತೆಂದು ನೀನು ಕೇಳಿದ್ದೀಯ. ಆ ಫೋಟೊ ಹಚ್ಚಿಯೇ ಅವರು ಪರಿಸರದ ಒಪ್ಪಿಗೆ ಪಡೆದರು. ಅದರ ವಿರುದ್ಧ ಅರ್ಜಿ ಬರೆಯುವ ನಿನಗೆ ಇದ್ದದ್ದು ಇದ್ದಂತೆ ಗೊತ್ತಿರಬೇಕು. ಹೇಳುತ್ತೇನೆ.

ಯುಗಾದಿಯ ನಂತರ ಅವರು ಸ್ಥಾವರ ನಿಲ್ಲಿಸಿ ಒಳಗಿನ ಹಳೆಯ ಕೊಳವೆಗಳನ್ನು ಬದಲಿಸುತ್ತಾರೆ. ವಿಕಿರಣದ ಜಾಗ. ಅಲ್ಲಿ ಒಬ್ಬರೇ ಹೆಚ್ಚು ಹೊತ್ತು ಇರುವಂತಿಲ್ಲ, ಹಾಗಾಗಿ ಬಹಳ ಜನ ಬೇಕು. ಮಗ್ಗ ನಿಂತ ಊರುಗಳಲ್ಲಿ ಜನ ಸಿಗುತ್ತಾರೆಂದು ಗುತ್ತಿಗೆದಾರನ ಏಜೆಂಟ ಹುನಗುಂದದಲ್ಲೂ ಇಲ್ಲಿಯೂ ಹೆಸರು ಬರೆದುಕೊಂಡು ಹೋದ. ನನ್ನ ತಮ್ಮ ಪ್ರಭು ಹೆಸರು ಕೊಟ್ಟ. ಎದುರುಮನೆಯ ಶಾರವ್ವನ ಮಗ ಕಲ್ಲೇಶನೂ ಕೊಟ್ಟ. ಪ್ರಭು ಹೆಸರು ಬರೆಸಿ ಬಂದು, "ಅಕ್ಕಾ, ನೀ ಸಭಾಕ್ಕ ಹೋಗಿ ಕೇಳ್ಕೊಂಡು ಬಾ. ನೀ ಬ್ಯಾಡ ಅಂದ್ರ ನಾ ಹೋಗೂದಿಲ್ಲ," ಎಂದಿದ್ದ. ಅವ್ವ ತೀರಿದ ಮೇಲೆ ಅವನು ಎಲ್ಲವನ್ನೂ ನನಗೇ ಕೇಳುತ್ತಾನೆ, ಚಪ್ಪಲಿಯ ಬಣ್ಣವನ್ನೂ.

ಡಿಸೆಂಬರಿನಲ್ಲಿ ನಾನೂ ಶಾರವ್ವನೂ ಮೀರಾಸಾಬನ ಟ್ರ್ಯಾಕ್ಸ್ ಗಾಡಿ ಬಾಡಿಗೆ ಮಾಡಿಕೊಂಡು ಹೊರಟೆವು. ನೇಕಾರರ ಸಂಘದ ರಾಮಲಿಂಗಪ್ಪ ಮಾಮಾ ಮುಂದೆ ಕೂತಿದ್ದರು. ಅಮೀನಗಡ ಬರುತ್ತಲೇ, "ನಿಂದ್ರಸೋ ಮೀರಾಸಾಬ," ಎಂದರು.

"ಚಾಕ್ಕೇನ್ರಿ?"

"ಕರದಂಟಿಗೆ. ಮಂದಿ ಊರಿಗೆ ಬರಿಗೈಲೆ ಹೋಗ್ತಾರೇನು?"

"ಮಾಮಾ, ನಾವು ಜಗಳಾಡಾಕ ಹೊಂಟೇವ್ರಿ," ಎಂದೆ.

"ಜಗಳ ಆಡೂಣಂತವಾ. ಅವರ ಮನ್ಯಾಗ ಸಣ್ಣ ಹುಡುಗ್ರು ಇರೂದಿಲ್ಲೇನು?"

ಇದಕ್ಕೆ ಉತ್ತರ ನಿನಗೆ ಹೊಳೆದರೆ ತಿಳಿಸು.

ಸಭೆಯಲ್ಲಿ ಅಧಿಕಾರಿಗಳು ಮೊದಲು ಕೇಳಿದ್ದು, "ನೀವು ಇಳಕಲ್ಲಿನವರು. ಇಲ್ಲಿಯ ಪರಿಸರಕ್ಕೂ ನಿಮಗೂ ಏನಮ್ಮ ಸಂಬಂಧ?"

ನಾನು ಕಾಗದ ಬಿಡಿಸುವಷ್ಟರಲ್ಲಿ ಶಾರವ್ವ ಎದ್ದಳು. "ಕೆಲಸಕ್ಕ ಮಂದಿ ಒಯ್ಯಾಕ ನಮ್ಮೂರು ಹತ್ತರ ಆಗತೈತಿ, ಮಾತು ಕೇಳಾಕ ದೂರ ಆಗತೈತೇನ್ರಿ?"

ಜನ ನಕ್ಕರು. ನನಗೆ ಮಾತಾಡಲು ಬಿಟ್ಟರು. ನೀನು ಬರೆದುಕೊಟ್ಟಿದ್ದನ್ನು ಓದಿದೆ. ಅವರ ಪರಿಸರ ವರದಿಯಲ್ಲಿ ಮೀನಿನ ಬಗ್ಗೆ ಇದೆ, ದಂಡೆಗೆ ಮೊಟ್ಟೆಯಿಡಲು ಬರುವ ಆಮೆಯ ಬಗ್ಗೆ ಚಿತ್ರಸಮೇತ ಇದೆ. ಒಳಗೆ ಹೋಗಿ ಕೊಳವೆ ಕತ್ತರಿಸುವ ಮನುಷ್ಯರ ಬಗ್ಗೆ ಒಂದು ಸಾಲೂ ಇಲ್ಲ. ಅದು ಯಾಕೆಂದು ಕೇಳಿದೆ.

ಮುಖ್ಯ ಎಂಜಿನಿಯರರು ಮೈಸೂರಿನ ಕಡೆಯವರು, ಬಹಳ ಸೌಮ್ಯ. "ಅದು ಪರಿಸರದ ವ್ಯಾಪ್ತಿಗೆ ಬರೋದಿಲ್ಲಮ್ಮ. ಅದು ಕಾರ್ಮಿಕ ಇಲಾಖೆ," ಎಂದರು.

"ಆಮಿ ಯಾವ ಇಲಾಖೇರಿ?" ಎಂದಳು ಶಾರವ್ವ.

ನಾನು ಅವಳನ್ನು ಕೂಡಿಸಿ ಕೇಳಿದೆ: "ನನ್ನ ತಮ್ಮ ನಿಮ್ಮ ಗೇಟಿನ ತನಕ ಪರಿಸರದಾಗ ಇರ್ತಾನ. ಗೇಟ್ ದಾಟಿದ ಮ್ಯಾಲ ಇರೂದಿಲ್ಲೇನ್ರಿ?"

ಅವರು ಕನ್ನಡಕ ತೆಗೆದು ಒರೆಸಿದರು. ಪಕ್ಕದವರು ಚಹಾದ ಬಿಡುವು ಎಂದು ಸಾರಿದರು.

ತಪ್ಪು ನಡೆದದ್ದು ಆ ಬಿಡುವಿನಲ್ಲಿ. ರಾಮಲಿಂಗಪ್ಪ ಮಾಮಾ ಡಬ್ಬಿ ತಂದು ನನ್ನ ಕೈಗಿಟ್ಟು, "ಓದಿದಾಕಿ ನೀನ ಕೊಡವಾ," ಎಂದರು. ಕೊಟ್ಟೆ. ಎಂಜಿನಿಯರರು ಮುಚ್ಚಳ ತೆಗೆದು, "ಏನಮ್ಮ ಇದು?" ಎಂದರು. ನನ್ನ ಬೆನ್ನ ಹಿಂದಿನಿಂದ ಶಾರವ್ವ, "ಕರದಂಟ್ರಿ ಸಾಹೇಬ್ರ. ಬಾಣಂತ್ಯಾರಿಗೆ ಕೊಡತೇವಿ, ಸೊಂಟಕ್ಕ ಚಲೋ. ಮುಂಜಾನಿಂದ ಒಂದ ಕಡೆ ಕುಂತೀರಿ, ತಿನ್ರಿ," ಎಂದಳು.

ಗೀತಾ, ನನ್ನ ಲಗ್ನದ ಫೋಟೊದಲ್ಲಿ ನಾನು ನಕ್ಕಿಲ್ಲ. ಅದನ್ನು ನೋಡಿ, ಇದು ಪಾಸ್‌ಪೋರ್ಟಿಗೇನು ಎಂದು ಕೇಳಿದವಳು ನೀನೇ. ಆದರೆ ಅಂದು ತಡೆಯಲಾಗಲಿಲ್ಲ. ಹಲ್ಲೆಲ್ಲ ಕಾಣುವಂತೆ ನಕ್ಕೆ. ಎದುರಿಗೆ ಫ್ಲ್ಯಾಶ್ ಹೊಳೆಯಿತು. ಎಂಜಿನಿಯರರೂ ನಗುತ್ತಿದ್ದಾರೆ, ನೋಡಿರಬೇಕು. ಅವರ ಬಗ್ಗೆಯೂ ನಿಜ ಹೇಳಬೇಕು: ಅವರು ತಿಂದರು, ಅಂಗಡಿಯ ಹೆಸರು ಕೇಳಿ ಬರೆದುಕೊಂಡರು. ಅಂದು ನಮ್ಮಿಂದ ಅವರು ಬರೆದುಕೊಂಡದ್ದು ಅದೊಂದೇ ಎಂದು ಈಗ ತೋರುತ್ತದೆ. ಸಭೆಯ ನಡಾವಳಿಯಲ್ಲಿ ಆಮೆಯೂ ಇಲ್ಲ, ಗೇಟೂ ಇಲ್ಲ. "ದೂರದ ಇಳಕಲ್ಲಿನಿಂದ ಬಂದ ಮಹಿಳೆಯರು ಸಿಹಿ ಹಂಚಿ ಹರ್ಷ ವ್ಯಕ್ತಪಡಿಸಿದರು" ಎಂದಿದೆ.

ತಿರುಗಿ ಬರುವಾಗ ಕೆರೂರಿನಲ್ಲಿ ಟ್ರ್ಯಾಕ್ಸ್ ಕೆಟ್ಟಿತು. ಮೀರಾಸಾಬ ಅದರ ಹೊಟ್ಟೆಯ ಕೆಳಗೆ ಮಲಗಿದ. ಮಾಮಾ ಬಗ್ಗಿ, "ಲೇ, ದುರಸ್ತಿಗೆ ಅಹವಾಲು ಸಭಾ ಕರದಿಯೇನು?" ಎಂದರೆ, "ಕರದೇನ್ರಿ, ಬರೂವಾಗ ಕರದಂಟು ತರ್ರಿ," ಎಂದ. ಸಾಮಾನು ಸಿಗದೆ ಅಲ್ಲಿಯೇ ಒಂದು ರಾತ್ರಿ ಉಳಿಯಬೇಕಾಯಿತು. ನಾವು ಇಳಕಲ್ಲ ಮುಟ್ಟುವ ಮೊದಲೇ ಫೋಟೊ ಪೇಪರಿನಲ್ಲಿ ಮುಟ್ಟಿತ್ತು.

ಇನ್ನು ನಿನ್ನ ಅರ್ಜಿಗೆ. ಸಿಹಿ ಕೊಟ್ಟರೆ ಒಪ್ಪಿದಂತೆಯೇ ಎಂಬ ಪ್ರಶ್ನೆಗೆ ಮಾಮಾ ಹೇಳುವುದು: "ಹೆಣ್ಣು ನೋಡಾಕ ಹೋದಾಗ ಫರಾಳ ತಿಂತೇವಿ. ತಿಂದವರೆಲ್ಲ ಲಗ್ನ ಆಗಬೇಕಂದ್ರ ನಂದು ಏಳೆಂಟು ಆಗಬೇಕಿತ್ತು." ನನಗೆ ಇದು ಗಟ್ಟಿಯಾದ ವಾದ ಎನಿಸಿತು. ಶಾರವ್ವ ಒಪ್ಪಲಿಲ್ಲ. "ಮಾತು ಮುಗದ ಮ್ಯಾಲ ಬಾಯಿ ಸಿಹಿ ಮಾಡೂದು ಯಾರ ಪದ್ಧತಿರಿ? ನಮ್ಮದ ಅಲ್ಲೇನು? ನಿಮಗ ಹೆಣ್ಣು ಸಿಕ್ಕಾಗ ಸಕ್ಕರಿ ಹಂಚಿದ್ದಿಲ್ಲೇನು?" ಎಂದಳು. ಮಾಮಾ ಅಂದಿನಿಂದ ಅವಳ ಜೊತೆ ಮಾತು ಬಿಟ್ಟಿದ್ದಾರೆ. ನೀನು ಮಾಮಾನ ಮಾತು ಹಾಕಿಕೋ. ಶಾರವ್ವನದನ್ನು ಎದುರು ಪಕ್ಷದವರೇ ಹುಡುಕಿಕೊಳ್ಳಲಿ.

ಮನೆಯವರಿಗೆ ನಮಸ್ಕಾರ ತಿಳಿಸು. ಶ್ರುತಿಯ ಪರೀಕ್ಷೆ ಹತ್ತಿರ ಬಂತು. ದೇವರು ಅವಳಿಗೆ ಒಳ್ಳೆಯ ಬುದ್ಧಿ, ಒಳ್ಳೆಯ ನಿದ್ದೆ ಎರಡನ್ನೂ ಕೊಡಲಿ. ನಿನ್ನ ಕಾಲು ಬೇಗ ನೆಲಕ್ಕೆ ತಾಗಲಿ.

ನಿನ್ನ,
ರತ್ನಾಬಾಯಿ

ತಾ.ಕ.: ಪ್ರಭು ಹೇಗಿದ್ದಾನೆಂದು ನೀನು ಕೇಳಿದ್ದೀಯ. ಮೇಲೆ ಬರೆಯಲಾಗಲಿಲ್ಲ. ಅವನು ಹೋದ. ನಾವು ಕೆರೂರಿನಲ್ಲಿದ್ದ ದಿನವೇ, ಏಜೆಂಟನ ಗಾಡಿಯಲ್ಲಿ. ಕಲ್ಲೇಶನ ಕಡೆ ಹೇಳಿ ಹೋಗಿದ್ದ: "ಅಕ್ಕ ಬಾಯಿ ಸಿಹಿ ಮಾಡ್ಯಾಳ. ಅಕ್ಕ ನಕ್ಕಾಳಂದ್ರ ಇನ್ನೇನ ಕೇಳೂದೈತಿ?" ನೀನು ಯಾಕೆ ಹೋಗಲಿಲ್ಲವೆಂದು ಕಲ್ಲೇಶನಿಗೆ ಕೇಳಿದೆ. "ನಮ್ಮವ್ವ ಸಿಹಿ ಕೊಟ್ರೂ ಬೈದ ಕೊಟ್ಟಿರ್ತಾಳ, ನನಗ ಗೊತ್ತಿಲ್ಲೇನ್ರಿ," ಎಂದ.

ಬೇಡವೆಂದು ಪ್ರಭುವಿಗೆ ಬರೆದೆ. ಅವನ ಉತ್ತರ ಬಂತು: "ನೀ ಈಗ ಅಂಜಿ ಬರದಿ. ಫೋಟೋದಾಗ ಖರೆ ನಕ್ಕಿದ್ದಿ." ಇನ್ನೊಮ್ಮೆ ಬರೆದೆ. ಅದಕ್ಕೂ ಅದೇ ಉತ್ತರ, ಜೊತೆಗೆ ತರಬೇತಿ ಮುಗಿಯಿತೆಂಬ ಸುದ್ದಿ.

ಅರ್ಜಿಯಲ್ಲಿ ಅವನ ಹೆಸರು ಹಾಕಲೇ ಎಂದು ಕೇಳಿದ್ದೀಯ. ಹಾಕು. ಹಾಕಿದರೆ ಗುತ್ತಿಗೆದಾರ ಅವನನ್ನು ಬಿಡಿಸುತ್ತಾನೆ, ಅವನು ನನ್ನ ಮೇಲೆ ಸಿಟ್ಟಾಗುತ್ತಾನೆ, ಎಷ್ಟು ದಿನವೋ ಗೊತ್ತಿಲ್ಲ. ಆದರೆ ಬೇಡ ಎಂಬುದನ್ನು ಅವನು ವಕೀಲರ ಕಾಗದದಲ್ಲಿ ಓದುವ ಮೊದಲು ನನ್ನ ಮುಖ ನೋಡಿ ನನ್ನ ಬಾಯಿಂದಲೇ ಕೇಳಬೇಕು. ಶನಿವಾರ ಮುಂಜಾನೆಯ ಬಸ್ಸಿಗೆ ಕಡಲಗುಂಡಿಗೆ ಹೋಗುವುದೆಂದು ನಿರ್ಧರಿಸಿದ್ದೇನೆ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.