ಗುಡ್ಡದಾಚೆಯ ಗಂಟೆ

ಕೋಲ್ವಿನ್ ಕೌಂಟಿ, ವಿಸ್ಕಾನ್ಸಿನ್
ಮೇ ೯, ೧೯೩೬

ಪ್ರೀತಿಯ ತಂಗಿ ಲಿಬುಷೆಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಭಾವ ಹೋದರೆಂದು ತಂತಿ ಕಳಿಸಿದವಳು ಇಷ್ಟು ದಿನ ಸುಮ್ಮನಿದ್ದೆ, ಬೇಸರ ಮಾಡಿಕೊಳ್ಳಬೇಡ. ಅಳುವುದಕ್ಕಿಂತ ಹೆಚ್ಚಾಗಿ ಪಾತ್ರೆ ತೊಳೆಯುವುದರಲ್ಲೇ ಹೊತ್ತು ಹೋಯಿತು. ನಗಬೇಡ, ನಿಜ ಹೇಳುತ್ತಿದ್ದೇನೆ.

ನಮ್ಮ ಚರ್ಚಿನ ಗಂಟೆ ಈ ಸಲದ ಚಳಿಗೆ ಬಿರುಕು ಬಿಟ್ಟಿದೆ. ಗಂಟೆಯಿಲ್ಲದೆ ಅವರನ್ನು ಕಳಿಸಿಕೊಡಲು ನನಗೆ ಮನಸ್ಸಾಗಲಿಲ್ಲ. ಮೈದುನ ಮತೇಯ್ ಗುಡ್ಡ ದಾಟಿ ನಾರ್ವೆಯವರ ಪಾದ್ರಿಯನ್ನು ಕೇಳಿಕೊಂಡ. ನಮ್ಮ ಚೆಕ್ ಜನವೂ ಅವರೂ ಒಂದೇ ರೈಲಿನಲ್ಲಿ ಬಂದು ಈ ಕೌಂಟಿಯಲ್ಲಿ ಇಳಿದವರು. ಇಂದಿಗೂ ಹಾಲಿನ ಡೈರಿ ಒಂದೇ, ಸ್ಮಶಾನ ಎರಡು. ಆದರೂ ಪಾದ್ರಿ ಇಲ್ಲವೆನ್ನಲಿಲ್ಲ. ಸತ್ತವರ ವಯಸ್ಸಿನಷ್ಟು ಏಟು ಹೊಡೆಯುವುದು ಎರಡೂ ಕಡೆಯ ಪದ್ಧತಿ. ತಮ್ಮ ಚರ್ಚಿನ ಗಂಟೆಯಲ್ಲಿ ಎಪ್ಪತ್ತೊಂದು ಏಟು ಹೊಡೆಸಿದರು.

ಹೊಲದಲ್ಲಿದ್ದ ನಾರ್ವೆಯವರು ಎಣಿಸಿದರು. ಅವರಲ್ಲಿ ಆ ವಯಸ್ಸಿನ ಮುದುಕ ಒಬ್ಬನೇ, ತೋರ್ವಾಲ್ಡ್, ನಮ್ಮ ಮಗಳು ಜ್ದೆಂಕಾಳ ಮಾವ. ಸರಿ, ಸಾವಿನ ಮನೆಗೆಂದು ಮನೆಮನೆಯಿಂದ ಬಿಸಿ ಊಟದ ಪಾತ್ರೆ ಹಿಡಿದು, ಅಳುಮೋರೆ ಹಾಕಿಕೊಂಡು ಅವನ ಅಂಗಳದಲ್ಲಿ ಸೇರಿದರಂತೆ. ಬಾಗಿಲು ತೆರೆದವನು ಅವನೇ.

"ಯಾರ್ರೀ ಹೋಗಿದ್ದು?" ಅಂದನಂತೆ.

"ನೀನೇ ಅಂದ್ಕೊಂಡ್ವಿ."

"ಬೆಳಿಗ್ಗೆ ಹಾಲು ಕರೆಯೋವಾಗ ಇನ್ನೂ ಇದ್ದೆ. ಸಾಯಂಕಾಲದ ಮೇಲೆ ನೋಡೋಣ."

ಎಲ್ಲರೂ ನಕ್ಕರೆ, ಹಿಂದೆ ನಿಂತಿದ್ದ ಜ್ದೆಂಕಾ ಅಲ್ಲೇ ಕುಸಿದಳಂತೆ. "ನಮ್ಮಪ್ಪಂಗೂ ಎಪ್ಪತ್ತೊಂದು," ಅಂದಳಂತೆ.

ನಿನಗೆ ಗೊತ್ತಲ್ಲ, ನಮ್ಮ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿ ಲೂಥರನ್ ಪಂಗಡದ ಹುಡುಗನನ್ನು ಮದುವೆಯಾದ ದಿನದಿಂದ ಅವಳು ನಮ್ಮ ಹೊಸಿಲು ತುಳಿದಿರಲಿಲ್ಲ. ಅಪ್ಪ ಕರೆಯಲಿಲ್ಲ, ಮಗಳು ಬರಲಿಲ್ಲ. ಇಬ್ಬರಿಗೂ ಒಂದೇ ಹಟ, ನಡುವೆ ನಾನು ಅಡಕತ್ತರಿಯಲ್ಲಿ.

ತೋರ್ವಾಲ್ಡ್ ಸೊಸೆಯನ್ನು ಕೈಹಿಡಿದು ಎಬ್ಬಿಸಿದನಂತೆ. "ಅಳೋದು ದಾರೀಲಿ ಅಳು, ನಡಿಯಮ್ಮ." ಆಮೇಲೆ ಜನರ ಕಡೆ ತಿರುಗಿ, "ನೀವ್ಯಾಕೆ ನಿಂತ್ರಿ? ಸಾವಿನ ಮನೆ ಗುಡ್ಡದಾಚೆ ಇದೆ. ಪಾತ್ರೆ ಆರೋದ್ರೊಳಗೆ ಹೊರಡಿ," ಅಂದನಂತೆ.

ನಾನು ಕಿಟಕಿಯಿಂದ ನೋಡಿದೆ, ಲಿಬುಷೆ. ಜನವೋ ಜನ, ಗುಡ್ಡ ಇಳಿದು ಬರುತ್ತಿದ್ದರು. ಎಲ್ಲರ ಮುಂದೆ ಜ್ದೆಂಕಾ, ತನ್ನ ಮಗಳ ಕೈ ಹಿಡಿದುಕೊಂಡು. ಹೊಸಿಲ ಹೊರಗೇ ನಿಂತು, "ಅಮ್ಮ, ಒಳಗೆ ಬರ್ಲಾ?" ಎಂದಳು.

"ನಿನ್ನ ಮನೆಗೆ ನಿನ್ನ ಬೇರೆ ಕರೀಬೇಕೇನೇ?" ಎಂದೆ. ಅಲ್ಲಿಯವರೆಗೂ ಬಾರದ ಅಳು ಆಗ ಬಂತು.

ನಮ್ಮ ಗಸಗಸೆ ಬನ್ನು, ಅವರ ಆಲೂಗಡ್ಡೆ ರೊಟ್ಟಿ ಒಂದೇ ಮೇಜಿನ ಮೇಲೆ ಕುಳಿತವು. ಅವರ ಮೀನಿಗೆ ಉಪ್ಪೂ ಇಲ್ಲ, ಹುಳಿಯೂ ಇಲ್ಲ. ಆದರೂ ಎರಡನೇ ಸಲ ಹಾಕಿಸಿಕೊಂಡೆ. ಈಗ ಭಾನುವಾರ ತಪ್ಪದೆ ಜ್ದೆಂಕಾ ಬರುತ್ತಾಳೆ. ನಮ್ಮ ಹೊಸ ಗಂಟೆಗೆ ನಾರ್ವೆಯವರೂ ಕೈಜೋಡಿಸಿದ್ದಾರೆ. "ಪ್ರತಿ ಸಲ ಬದುಕಿರೋನ ಮನೆಗೆ ಊಟ ಹೊರೋಕಾಗಲ್ಲ," ಅನ್ನುತ್ತಾನೆ ತೋರ್ವಾಲ್ಡ್.

ನೀನು ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಾ. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಬೊಝೆನಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಜ್ದೆಂಕಾಳ ಮಗಳು ಇಂಗ್ರಿಡ್‌ಗೆ ಈಗ ಎಂಟು ವರ್ಷ. ಅವತ್ತು ನನ್ನ ಮುಂದೆ ನೆಟ್ಟಗೆ ನಿಂತು, ಯಾರೋ ಹೇಳಿಕೊಟ್ಟಂತೆ ಕೈ ಚಾಚಿ, "ನಿಮ್ಮ ಯಜಮಾನ್ರು ತೀರ್ಕೊಂಡಿದ್ದಕ್ಕೆ ತುಂಬಾ ಬೇಜಾರಾಯ್ತು, ಹವೆಲ್ಕಾ ಮೇಡಂ," ಅಂದಳು. ನನ್ನ ಮೊಮ್ಮಗಳು ನನ್ನೊಡನೆ ಆಡಿದ ಮೊದಲ ಮಾತು ಅದು. ನಾನೂ ಆ ಪುಟ್ಟ ಕೈ ಕುಲುಕಿ, "ಬಂದಿದ್ದು ಸಂತೋಷ," ಎಂದೆ.